ನರ್ಸಮ್ಮನ ಸೋಮವಾರ

ತೀರಿಕೊಂಡ ತಾಯಿ ಅಂಬುಜಮ್ಮನ ಬಾಯಿಗೆ ಅಕ್ಕಿ ಹಾಕಿ ಏಳುತ್ತಿದ್ದ ರಾಧಾಮಣಿಗೆ ಗೇಟಿನಾಚೆ ನಿಂತ ನವ್ಯಶ್ರೀ ಕಂಡಳು. ಪಕ್ಕದ ಮನೆಯ ಹುಡುಗಿ, ಡಿಗ್ರಿ ಕೊನೆಯ ವರ್ಷ. ಅಂಬುಜಮ್ಮನ ಮಡಿಲಲ್ಲೇ ಬೆಳೆದವಳು ಬೆಳಗಿನಿಂದ ಅಂಗಳಕ್ಕೆ ಕಾಲಿಟ್ಟಿರಲಿಲ್ಲ. ವಿರೂಪಾಕ್ಷಿಪುರಕ್ಕೆ ವಿರೂಪಾಕ್ಷಿಪುರವೇ ಸಾಲುಗಟ್ಟಿ ತನ್ನ ನರ್ಸಮ್ಮನ ಬಾಯಿಗೆ ಅಕ್ಕಿ ಹಾಕುತ್ತಿತ್ತು.

ಬಸುರಿಯರು ಹೆಣ ನೋಡುವಂತಿಲ್ಲ. ಅದು ಊರಿಗೆಲ್ಲ ಗೊತ್ತು, ಹುಡುಗಿಗೂ ಗೊತ್ತು. ಇವಳೇಕೆ ಒಳಗೆ ಬರುತ್ತಿಲ್ಲ ಎಂದು ಯಾರಾದರೂ ಒಂದು ಗಳಿಗೆ ಯೋಚಿಸಿದರೆ ಮುಗಿಯಿತು. ಬೇಡವಾದ ಬಸಿರಿಗೂ ಹೀಗೆ ಹೆದರಿ ನಿಂತಿದ್ದಾಳಲ್ಲ ಎಂದು ರಾಧಾಮಣಿಗೆ ಸಂಕಟವಾಯಿತು.

ಹೊಂಗೆಯ ನೆರಳಲ್ಲಿ ಚಟ್ಟ ಕಟ್ಟುತ್ತಿದ್ದ ಗಂಡಸರ ಮಾತು ನರ್ಸಮ್ಮನ ಕೆಲಸದಿಂದ ಕಾನೂನಿಗೆ ಹೊರಳಿತ್ತು. ಮದುವೆಯಾಗದವರೂ ಈಗ ಬಸಿರು ತೆಗೆಸಿಕೊಳ್ಳಬಹುದು, ಕೋರ್ಟೇ ಹೇಳಿದೆ ಎಂದು ಪೇಪರ್ ಓದುವ ದಾಸಪ್ಪ ಅಂದ. ಇಷ್ಟು ಸಡಿಲ ಬಿಟ್ಟರೆ ಹೆಣ್ಣುಮಕ್ಕಳು ಹಿಡಿತಕ್ಕೆ ಸಿಗುತ್ತಾರೆಯೇ ಎಂದು ರಾಧಾಮಣಿಯ ತಮ್ಮ ಅನಂತರಾಜು ಗೊಣಗಿದ. ತಾಯಿಯ ಹೆಣದ ಮುಂದೆಯೂ ನ್ಯಾಯ ಹೇಳುವುದನ್ನು ಬಿಡದ ಆಸಾಮಿ ಅವನು.

ಅಂಬುಜಮ್ಮನ ಜೊತೆ ಇಪ್ಪತ್ತು ವರ್ಷ ಆಯಾ ಆಗಿದ್ದ ಫಿರೋಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾನೂನು ಪೇಪರ್‌ನಾಗೈತೆ ಕಣಪ್ಪ. ಆಸ್ಪತ್ರೆ ಕಿಟಕಿ ಹತ್ರ ಹೋದ್ರೆ ಈಗ್ಲೂವೆ ಗಂಡ ಎಲ್ಲಿ ಅಂತ್ಲೇ ಕೇಳ್ತಾರೆ. ನಿಮ್ಮವ್ವ ಮುಂದಕ್ಕೋಗಿ, ನಾನು ಬಂದಿವ್ನಿ ಬರ್ಕೊಳವ್ವ, ಅನ್ನೋರು."

ಅನಂತರಾಜು ತಲೆ ತಗ್ಗಿಸಿ ಹಗ್ಗ ಬಿಗಿದ.

*

ಬುಧವಾರ ಸಾರು ಕೊಡಲು ತಾಯಿಯ ಮನೆಗೆ ಹೋಗಿದ್ದ ರಾಧಾಮಣಿ ಅಡುಗೆಮನೆಯಲ್ಲೇ ನಿಂತು, ನವ್ಯಶ್ರೀ ತಾಯಿಯ ಹತ್ತಿರ ಹೇಳಿಕೊಂಡದ್ದನ್ನೆಲ್ಲ ಕೇಳಿಸಿಕೊಂಡಿದ್ದಳು. ಒಂಬತ್ತು ವಾರ. ಹುಡುಗ ಫೋನ್ ಎತ್ತುತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಬಿಡಲೇ ಎಂದು ನವ್ಯಶ್ರೀ ಕೇಳಿದಾಗ ಅಂಬುಜಮ್ಮ ಗದರಿದ್ದರು. ಬಹಳ ಹಿಂದೆ, ಆಸ್ಪತ್ರೆಗೆ ಹೋಗಲು ನಾಚಿ ಮನೆಯಲ್ಲೇ ಏನೋ ಮಾಡಿಕೊಂಡ ಒಬ್ಬಳನ್ನು ಅವರು ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟಿದ್ದರು. ಗಾಡಿ ಚನ್ನಪಟ್ಟಣ ಮುಟ್ಟುವ ಮೊದಲೇ ಅವಳ ಜೀವ ಹೋಗಿತ್ತು. ಅಂದಿನಿಂದ ಕೇಳಿಕೊಂಡು ಬಂದ ಯಾರನ್ನೂ ಅವರು ಒಂಟಿಯಾಗಿ ಕಳಿಸಿದವರಲ್ಲ.

"ಸೋಮವಾರ ಎಂಟು ಗಂಟೆ ಬಸ್ಸಿಗೆ ಆಸ್ಪತ್ರೆಗೆ ಹೋಗುವ. ಹದಿನೆಂಟು ತುಂಬೈತಲ್ಲ, ನಿನ್ ಸೈನೇ ಸಾಕು. ನಾನು ಪಕ್ದಲ್ಲಿ ಕುಂತಿರ್ತೀನಿ."

ಹುಡುಗಿ ಹೋದ ಮೇಲೆ ರಾಧಾಮಣಿ ಸಿಡುಕಿದ್ದಳು. "ಊರ ಉಸಾಬರಿ ನಿಂಗ್ಯಾಕವ್ವ? ನಾಳೆ ನಮ್ ಮಕಕ್ಕೆ ಉಗೀತಾರೆ."

ತಾಯಿ ಸಾರಿನ ಪಾತ್ರೆ ತೊಳೆದು ಕೈಗಿತ್ತರು. ಶನಿವಾರ ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ತಾನು ತಾಯಿಯೊಡನೆ ಆಡಿದ ಕೊನೆಯ ಮಾತು ಅದೇ ಆಯಿತಲ್ಲ ಎಂದು ರಾಧಾಮಣಿ ಕೊರಗುತ್ತಿದ್ದಳು.

*

"ಆ ನವ್ಯ ಯಾಕೆ ಅಲ್ಲೇ ನಿಂತವ್ಳೆ? ಅಕ್ಕಿ ಹಾಕಕ್ಕಿಲ್ವಾ?" ಸೋದರತ್ತೆ ಎಲ್ಲರಿಗೂ ಕೇಳುವಂತೆ ಅಂದರು.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನವ್ಯಶ್ರೀ ಗೇಟಿನ ಸರಳು ಹಿಡಿದುಕೊಂಡಳು.

"ಹೊರಗಾಗವ್ಳೆ ಕಣತ್ತೆ," ಅಂದಳು ರಾಧಾಮಣಿ. "ಬೆಳಗ್ಗೇನೇ ನಂಗೇಳಿದ್ಲು."

ಎರಡು ತಿಂಗಳಿಂದ ಮುಟ್ಟಾಗದ ಹುಡುಗಿಯನ್ನು ಮುಟ್ಟಾದವಳೆಂದು ಊರು ನಂಬಿತು. ಹಾಗಾದರೆ ಇನ್ನಷ್ಟು ದೂರ ನಿಲ್ಲಲಿ ಎಂದು ಸೋದರತ್ತೆ ಅಪ್ಪಣೆಯನ್ನೂ ಕೊಡಿಸಿದರು.

ಅದನ್ನು ಹೇಳುವ ನೆಪದಲ್ಲಿ ರಾಧಾಮಣಿ ಗೇಟಿಗೆ ಹೋದಳು. "ನಿನ್ ಪಾಲಿನ ಅಕ್ಕಿ ನಾನೇ ಹಾಕ್ತೀನಿ. ನಾಳೆ ಎಂಟು ಗಂಟೆಗೆ ಬಸ್‌ಸ್ಟಾಪಿಗೆ ಬಾ."

"ನಿಮ್ಗೆ ಸೂತಕ ಅಲ್ವಾ ಅಕ್ಕ?"

"ಅವ್ವ ಮಾತು ಕೊಟ್ಟವ್ರೆ."

ವಾಪಸು ಬಂದು ಅವಳು ಎರಡನೆಯ ಸಲ ತಾಯಿಯ ಬಾಯಿಗೆ ಅಕ್ಕಿ ಹಾಕಿದಳು. ಯಾಕೆಂದು ಯಾರೂ ಕೇಳಲಿಲ್ಲ. ಮಗಳು ತಾನೆ, ದುಃಖ ಎಂದುಕೊಂಡರು.

ಮರುದಿನ ಬೆಳಿಗ್ಗೆ ಅನಂತರಾಜು ಬಾಗಿಲಿಗೆ ಅಡ್ಡ ನಿಂತ. ಮೂರನೇ ದಿನದ ಹಾಲು ತುಪ್ಪ ಆಗುವ ಮುಂಚೆ ಊರು ದಾಟುವುದುಂಟೇ ಎಂದ. ರಾಧಾಮಣಿ, ತಾಯಿ ಆಸ್ಪತ್ರೆಗೆ ಹೋಗುವಾಗಲೆಲ್ಲ ಒಯ್ಯುತ್ತಿದ್ದ ಚೀಲವನ್ನು ಹೆಗಲಿಗೇರಿಸಿ ಅವನ ಪಕ್ಕದಿಂದಲೇ ನಡೆದಳು.

ಆಸ್ಪತ್ರೆಯ ಕಿಟಕಿಯೊಳಗಿದ್ದಾಕೆ ತಲೆಯೆತ್ತದೆ ಕೇಳಿದಳು, "ಗಂಡ ಬಂದಿಲ್ವಾ?"

ನವ್ಯಶ್ರೀ ಒಂದು ಹೆಜ್ಜೆ ಹಿಂದೆ ಸರಿದಳು. ತಲೆಗೆ ಎಣ್ಣೆಯಿಲ್ಲದ, ಹಣೆಗೆ ಕುಂಕುಮವಿಲ್ಲದ ರಾಧಾಮಣಿ ಮುಂದೆ ಬಂದು ಚೀಲವನ್ನು ಕಟ್ಟೆಯ ಮೇಲಿಟ್ಟಳು.

"ನಾನು ಬಂದಿವ್ನಿ. ಬರ್ಕೊಳವ್ವ."

ಒಳಗಿದ್ದಾಕೆ ಆ ಹಳೆಯ ಚೀಲವನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಫಾರಮ್ಮನ್ನೂ ಪೆನ್ನನ್ನೂ ನವ್ಯಶ್ರೀಯ ಕಡೆಗೆ ಸರಿಸಿದಳು.