ಆರನೇ ಸಾಲಿನ ಕಾಮಾ

ಕೆಂಪು ಗೆರೆ, ಕಂಪ್ಯೂಟರ್ ಪರದೆಯಲ್ಲಿ, ಮತ್ತೆ ಅದೇ ಆರನೇ ಸಾಲಿನ ಕೆಳಗೆ, ಹಲ್ಲು ಕಿರಿದ ಹಾಗೆ, ಇಪ್ಪತ್ತೆಂಟು ವರ್ಷ ಪ್ರೂಫ್ ತಿದ್ದಿದವನಿಗೆ, ಪ್ರೆಸ್ಸಿನಲ್ಲೆಲ್ಲ ಹದ್ದಿನ ಕಣ್ಣಿನವನು ಅನ್ನಿಸಿಕೊಂಡವನಿಗೆ, ತನ್ನದೇ ಒಂಬತ್ತು ಸಾಲಿನಲ್ಲಿ ತಪ್ಪು ಸಿಗುತ್ತಿಲ್ಲವಂತೆ — ಸಿಗದೆ ಏನು, ಸಿಕ್ಕಿದೆ, ಕಣ್ಣಿಗೆ ಸಿಕ್ಕಿದ್ದಕ್ಕೆ ಕೈ ಹೋಗುತ್ತಿಲ್ಲ ಅಷ್ಟೇ. ಕಾಗದದ ಕಾಲ ಮುಗೀತು, ಇನ್ನೆಲ್ಲ ವೆಬ್‌ಸೈಟು, ಮಧ್ಯಾಹ್ನದೊಳಗೆ ಈ ಅಭ್ಯಾಸ ಮುಗಿಸಿದವರಿಗೆ ಕೆಲಸ, ಮಿಕ್ಕವರು ಮನೆಗೆ, ಅಂದಿದ್ದರು ಮಾಲೀಕರು, ಮುಖ ನೋಡದೆ. ಹೋದ ವಾರ ಅವರು ಜೇಸನ್ ಅಂದಾಗ ಯಾರೋ ಹೊಸ ಮ್ಯಾನೇಜರ್ ಬಂದ ಅಂದುಕೊಂಡಿದ್ದ, ಕೇಳಿ ಹೆಂಡತಿ ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು, ನಗು ಅರ್ಧಕ್ಕೇ ನಿಂತಿತ್ತು. ಮನುಷ್ಯನಲ್ಲ ಸರ್, ಮಾಹಿತಿ ಬರೆಯೋ ಒಂದು ರೀತಿ, ಬೋರ್ಡಿನ ಮುಂದೆ ಕಲಿಸುವ ಹುಡುಗಿ, ಮೊದಲು ಏನು ಅಂತ ಹೆಸರು, ಆಮೇಲೆ ಎರಡು ಚುಕ್ಕೆ, ಆಮೇಲೆ ಅದರ ಉತ್ತರ, ಉತ್ತರ ಒಂದಕ್ಕಿಂತ ಹೆಚ್ಚಿದ್ದರೆ ಚೌಕ ಕಂಸದೊಳಗೆ ಪಟ್ಟಿ, ನಡುನಡುವೆ ಕಾಮಾ, ಕೊನೇದಾದ ಮೇಲೆ ಮಾತ್ರ ಹಾಕಬೇಡಿ, ಕಾಮಾ ಇದ್ದರೆ ಇನ್ನೊಂದು ಬರತ್ತೆ ಅಂತ ಕಂಪ್ಯೂಟರ್ ಕಾಯತ್ತೆ, ಬರಲಿಲ್ಲ ಅಂದ್ರೆ ಅಷ್ಟನ್ನೂ ತಳ್ಳಿಹಾಕತ್ತೆ, ಈಗ ನಿಮ್ಮ ಮನೆಯವರನ್ನೇ ಬರೀರಿ, ಸುಲಭ.

ಸುಲಭ. ತನ್ನ ಹೆಸರು, ವಯಸ್ಸು, ಊರು ಬರೆದ, ಹೆಂಡತಿಯ ಹೆಸರು ಬರೆದ, ಮಕ್ಕಳು, ಎರಡು ಚುಕ್ಕೆ, ಕಂಸ, ದೊಡ್ಡವಳ ಹೆಸರು, ಕಾಮಾ — ಬೆರಳು ತಾನಾಗಿ ಒತ್ತಿತು, ಶಾಲೆಯ ಅರ್ಜಿ, ಬಸ್ ಪಾಸು, ಎಲ್ಲೆಲ್ಲೂ ದೊಡ್ಡವಳು, ಚಿಕ್ಕವಳು, ಒಂದೇ ಉಸಿರಿಗೆ ಬರೆದು ರೂಢಿಯಾದ ಬೆರಳು. ಆಮೇಲೆ ನೆನಪಾಯಿತು. ಮೂರು ದಿನದ ಜ್ವರ, ಅಪ್ಪಾ ಇವತ್ತು ಹೋಗಬೇಡ, ಒಂದೇ ಒಂದು ಪ್ರೂಫ್ ಕಂದಾ, ನೋಡಿಟ್ಟು ಬಂದುಬಿಡ್ತೀನಿ, ಬರುವಷ್ಟರಲ್ಲಿ ಚಿಕ್ಕವಳ ಉಸಿರು ನಿಂತಿತ್ತು. ಒಂದೇ ಒಂದು ಪ್ರೂಫ್. ಹಾಳಾದ್ದು. ಅವಳ ಹೆಸರನ್ನೂ ಬರೆದುಬಿಟ್ಟರೆ ಯಂತ್ರ ಒಪ್ಪುತ್ತದೆ, ಅದಕ್ಕೇನು ಗೊತ್ತು, ಬರೆದ, ಕೆಂಪು ಹೋಯಿತು, ಸುಳ್ಳು, ಅಳಿಸಿದ, ಕೆಂಪು ಬಂತು. ಕಾಮಾ ಒಂದನ್ನು ತೆಗೆದರೆ ಮುಗಿಯಿತು, ಕೆಲಸ ಉಳಿಯುತ್ತದೆ, ದೊಡ್ಡವಳ ಓದು ಉಳಿಯುತ್ತದೆ, ತೆಗೆಯಯ್ಯಾ, ಎಷ್ಟು ಸಾವಿರ ಕಾಮಾ ಹೊಡೆದುಹಾಕಿದ ಕೈ ಇದು, ಏಳುತ್ತಿಲ್ಲ, ತೆಗೆದರೆ ಕಾಯುವವರು ಯಾರೂ ಉಳಿಯುವುದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡ್ರಿ ಸರ್, ಹುಡುಗಿ ಪಕ್ಕದಿಂದ ಬಗ್ಗಿದಳು, ಅಯ್ಯೋ ಇಷ್ಟೇನಾ, ಇದೊಂದು ಜಾಸ್ತಿಯಾಗಿದೆ ನೋಡಿ, ಕೈ ಚಾಚಿ ಒಂದು ಕೀ ಒತ್ತಿದಳು, ಹಸಿರು, ಆಯ್ತು ಸರ್, ಪಾಸ್ — ಥ್ಯಾಂಕ್ಸ್ ಮೇಡಂ ಅಂದಿತು ಬಾಯಿ, ಕಣ್ಣು ಆರನೇ ಸಾಲಿನಲ್ಲೇ, ದೊಡ್ಡವಳ ಹೆಸರಿಗೆ ಒತ್ತಿಕೊಂಡು ಕಂಸ ಬಂದು ಕೂತಿದೆ, ಬಾಗಿಲು ಹಾಕಿಕೊಂಡು, ಕಾಮಾ ಇದ್ದ ಜಾಗದಲ್ಲಿ ಕಂಸ, ಕಾಮಾ ಇದ್ದ ಜಾಗ, ಕಾಮಾ ಇದ್ದ ಜಾಗ,