ಹಿತ್ತಲ ಬಾಗಿಲಿನ ಅನ್ಸೆಲ್ಮೊ

ಬಂದವರನ್ನು ಹೊಸ್ತಿಲ ಆಚೆ ನಿಲ್ಲಿಸಿ ಮಾತಾಡಿಸುವುದು ಧಾರವಾಡದ ಊರ್ಮಿಳಾಬಾಯಿಗೆ ಆಗಿಬರುವುದಿಲ್ಲ. ಪರದೇಶದ ಎಟೋಬಿಕೋಕ್‌ನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ಆ ಚಾಳಿ ಹೋಗಿರಲಿಲ್ಲ. ಪಾರ್ಸೆಲ್ಲು ಕೊಡಲು ಬಂದವನಿಗೂ ಚಹಾ ಬೇಕೇನು ಅಂತ ಕೇಳುವ ಹೆಂಗಸು. ಒಳ್ಳೇದೇ ಅನ್ನಿ. ಆದರೆ ಆ ಒಳ್ಳೇತನವೇ ಒಂದು ಸಂಜೆ ಅವಳ ಮೊಮ್ಮಗಳ ಕುತ್ತಿಗೆಗೆ ಬಂತು.

ಮಗಳು ಈಶಾಳ ಬಾಣಂತನಕ್ಕೆಂದು ಅವಳು ಅಲ್ಲೇ ಸಮೀಪದ ಮಾರ್ಕಮ್‌ಗೆ ಬಂದಿದ್ದಳು. ಅಳಿಯ ರಫಾಯೆಲ್ ಫಿಲಿಪೀನ್ಸಿನ ಕಡೆಯವನು, ಆಸ್ಪತ್ರೆಯಲ್ಲಿ ನರ್ಸು. ಆ ವಾರ ಅವನದು ರಾತ್ರಿ ಶಿಫ್ಟು. ಮನೆಯಲ್ಲಿ ಅವನ ಅಜ್ಜಿಯೂ ಇದ್ದಳು. ತೊಂಬತ್ತು ದಾಟಿದ ಮುದುಕಿ. ಅವರ ಕಡೆ ಅಜ್ಜಿಗೆ ಲೋಲಾ ಅನ್ನುತ್ತಾರೆ, ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಲೋಲಾ. ಊರ್ಮಿಳಾಗೂ ಅವಳಿಗೂ ಚೆನ್ನಾಗಿ ಹೊಂದಿಕೊಂಡಿತ್ತು. ಇಬ್ಬರಿಗೂ ಮೂರು ಹೊತ್ತೂ ಅನ್ನ ಬೇಕು, ಇಬ್ಬರಿಗೂ ಈಶಾಳ ಅಡುಗೆ ಸೇರದು, ಇಬ್ಬರ ಇಂಗ್ಲಿಷೂ ಅವರವರ ಊರಿನದು.

ಒಂದು ವಿಷಯ ಮಾತ್ರ ಊರ್ಮಿಳಾಗೆ ಹಿಡಿಸಿರಲಿಲ್ಲ. ದಿನಾ ಸಂಜೆ ಲೋಲಾ ಒಂದು ತಟ್ಟೆಗೆ ಅನ್ನ, ಮೀನು ಬಡಿಸಿಕೊಂಡು, ಹಿತ್ತಲ ಬಾಗಿಲನ್ನು ಗೇಣಗಲ ತೆರೆದು, ಹಿಮದ ಮೇಲೆ ಇಟ್ಟು, ಮುಖ ಎತ್ತದೆ ಚಿಲಕ ಹಾಕುವಳು. ಬೆಳಗಾದರೆ ತಟ್ಟೆ ಖಾಲಿ. ರಾತ್ರಿ ಹಿತ್ತಲಿಗೆ ನುಗ್ಗುವ ರಕೂನುಗಳ ಪಾಲು, ಮತ್ತೇನು.

ಯಾರಿಗೆ ಅಂತ ಊರ್ಮಿಳಾ ಒಮ್ಮೆ ಕೇಳಿದ್ದಳು. “ನಮ್ಮಜ್ಜಿಯ ಅಣ್ಣನಿಗೆ. ಅನ್ಸೆಲ್ಮೊ ಅಂತ. ಸತ್ತು ಬಹಳ ಕಾಲವಾಯಿತು,” ಎಂದು ಲೋಲಾ ಮಾತು ಬದಲಿಸಿದ್ದಳು.

ಸತ್ತ ಹಿರಿಯರಿಗೆ ಎಡೆ ಇಡುವುದು ಊರ್ಮಿಳಾಗೆ ಗೊತ್ತಿಲ್ಲದ್ದಲ್ಲ. ಆದರೆ ಮನೆಯ ಹಿರಿಯನಿಗೆ ಬೀದಿನಾಯಿಗೆ ಹಾಕಿದ ಹಾಗೆ ಹೊರಗೆ ಹಾಕುತ್ತಾರೆಯೇ? ಫೆಬ್ರವರಿಯ ಆ ಸಂಜೆ ಅಮಾವಾಸ್ಯೆ. ಈಶಾ ಮಹಡಿಯಲ್ಲಿ ಮಲಗಿದ್ದಳು, ಲೋಲಾ ತನ್ನ ಕೋಣೆಯಲ್ಲಿ ಜಪಮಾಲೆ ಹಿಡಿದು ಕೂತಿದ್ದಳು. ಊರ್ಮಿಳಾ ಏಷ್ಯನ್ ಮಾಲಿನಿಂದ ತಂದಿದ್ದ ಫ್ರೋಜನ್ ಬಾಳೆಲೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಊಟದ ಮೇಜಿನ ತಲೆಯ ಕಡೆ ಹಾಸಿದಳು. ಮೀನಿಗೆ ಕೈ ಹಚ್ಚುವವಳಲ್ಲ. ಅನ್ನ, ಸಾರು, ಎಣ್ಣೆಗಾಯಿ ಬಡಿಸಿ, ಎಲೆಯ ಸುತ್ತ ನೀರು ಕಟ್ಟಿ, ಹಿತ್ತಲ ಬಾಗಿಲನ್ನು ಪೂರಾ ತೆರೆದಳು.

“ಒಳಗ ಬಾರಪಾ ಅನ್ಸೆಲ್ಮೊ,” ಅಂದಳು. “ಇಂಥಾ ಥಂಡ್ಯಾಗ ಹೊರಗ ಯಾಕ ನಿಂತಿ? ನಿನ್ನ ಮನೀನ ಇದು.”

ಗಾಳಿಯೊಂದು ಒಳಗೆ ಬಂತು. ಅದರಲ್ಲಿ ಹಿಮದ ವಾಸನೆ ಇರಲಿಲ್ಲ. ಗದ್ದೆಯ ಕೆಸರು, ಸುಟ್ಟ ಹುಲ್ಲಿನ ನಾತ ಹೊಡೆಯುತ್ತಿತ್ತು. ಊರ್ಮಿಳಾ ಬಾಗಿಲು ಹಾಕಿ, ಕೂಸನ್ನು ತೊಟ್ಟಿಲಿಂದ ಎತ್ತಿಕೊಂಡು, ಹಾಲಿನ ಬಾಟಲಿ ಹಿಡಿದು ಕೂತಳು.

ಲೋಲಾ ಕೋಣೆಯಿಂದ ಹೊರಬಂದು ಎಲೆಯನ್ನು ನೋಡಿದವಳೇ ಗೋಡೆ ಹಿಡಿದುಕೊಂಡಳು.

“ಅವನನ್ನು ಒಳಗೆ ಕರೆದೆಯಾ?”

“ಕರದೆ. ಮನಿಯವನನ್ನ ಕರೀದೆ ಮತ್ತ?”

ಲೋಲಾ ಮೆಲ್ಲಗೆ ಊರ್ಮಿಳಾಳ ಪಕ್ಕ ಕೂತಳು, ಮೇಜಿನ ತಲೆಯ ಕಡೆ ನೋಡದೆ. “ಮುನ್ನೂರು ವರ್ಷ ಸ್ಪೇನಿನವರು ನಮ್ಮನ್ನು ಆಳಿದರು,” ಅಂದಳು. “ಗದ್ದೆ ಪಾದ್ರಿಗಳದು, ದುಡಿಮೆ ನಮ್ಮದು, ಮೇಲೆ ಬಿಟ್ಟಿ ಚಾಕರಿ. ನಮ್ಮವರಿಗೆ ಊರು ಗೊತ್ತಿತ್ತು, ಇಗರ್ಜಿ ಗೊತ್ತಿತ್ತು. ದೇಶ ಅನ್ನುವ ಮಾತನ್ನು ಮನೆಗೆ ತಂದವನು ಅನ್ಸೆಲ್ಮೊ. ಈ ದ್ವೀಪಗಳಲ್ಲಿರೋ ನಾವೆಲ್ಲ ಒಂದೇ ತಾಯಿಯ ಮಕ್ಕಳು ಅನ್ನುತ್ತಿದ್ದನಂತೆ. ಗುಟ್ಟಿನ ಸಂಘ ಸೇರಿದ. ತೊಂಬತ್ತಾರರಲ್ಲಿ, ಸಾವಿರದ ಎಂಟುನೂರ ತೊಂಬತ್ತಾರರಲ್ಲಿ, ದಂಗೆ ಎದ್ದಾಗ ಸರ್ಕಾರದ ತೆರಿಗೆ ಚೀಟಿಯನ್ನು ಎಲ್ಲರೆದುರು ಹರಿದು ಹಾಕಿದ. ಸಿಪಾಯಿಗಳು ಬೆನ್ನು ಹತ್ತಿದರು. ಓಡಿ ಬಂದವನು ತಂಗಿಯ ಹಿತ್ತಲ ಬಾಗಿಲು ಬಡಿದ.”

ತಂಗಿ ತೊಮಾಸಾ ಒಳಗೇ ಇದ್ದಳು, ಮಡಿಲಲ್ಲಿ ಎಳೆಗೂಸು. ದಂಗೆಕೋರರನ್ನು ಅಡಗಿಸಿಟ್ಟ ಮನೆಗಳನ್ನು ಜನರ ಸಮೇತ ಸುಡುತ್ತಿದ್ದ ದಿನಗಳು ಅವು. ಅಣ್ಣ ಹೆಸರು ಹಿಡಿದು ಕರೆಯುತ್ತಲೇ ಇದ್ದ. ಅವಳು ಕೂಸಿನ ಬಾಯಿ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೂತಳು. ಅವನನ್ನು ಮೆಟ್ಟಿಲ ಮೇಲೇ ಗುಂಡಿಕ್ಕಿ ಕೊಂದರು.

“ಆ ಕೂಸು ನಮ್ಮಮ್ಮ,” ಅಂದಳು ಲೋಲಾ. “ಬಾಗಿಲು ತೆಗೆದಿದ್ದರೆ ನಾನಿಲ್ಲ, ರಫಾಯೆಲ್ ಇಲ್ಲ, ನಿನ್ನ ತೊಡೆ ಮೇಲಿರೋ ಇವಳೂ ಇಲ್ಲ. ಅದಕ್ಕೇ ಅವನಿಗೆ ಊಟ ಕೊಡುತ್ತೇವೆ, ಒಳಗೆ ಮಾತ್ರ ಕರೆಯುವುದಿಲ್ಲ. ಒಳಗೆ ಬಂದರೆ ಯಾಕೆ ತೆಗೆಯಲಿಲ್ಲ ಅಂತ ಕೇಳುತ್ತಾನೆ. ಉತ್ತರ ಸಿಗದಿದ್ದರೆ ಮನೆಯ ಕೂಸನ್ನು ಕರೆದುಕೊಂಡು ಹೋಗುತ್ತಾನೆ. ನಮ್ಮಮ್ಮ ಹೇಳಿದ್ದು.”

ಬೇರೆ ದಿನವಾಗಿದ್ದರೆ ಊರ್ಮಿಳಾ ಮುದುಕಿಯ ಬೆನ್ನು ತಟ್ಟಿ ನಕ್ಕುಬಿಡುತ್ತಿದ್ದಳು. ಆದರೆ ಅಷ್ಟು ಹೊತ್ತಿನಿಂದ ಕೂಸು ಬಾಟಲಿಗೆ ಬಾಯಿ ಹಚ್ಚಿರಲಿಲ್ಲ. ಹಸಿವಿನ ಹೊತ್ತಿಗೆ ಮನೆ ಹಾರಿಹೋಗುವಂತೆ ಅಳುವ ಆ ಕೂಸು ತುಟಿ ಪಿಟ್ ಅನ್ನದೆ, ರೆಪ್ಪೆ ಬಡಿಯದೆ, ಮೇಜಿನ ತಲೆಯ ಖಾಲಿ ಕುರ್ಚಿಯನ್ನೇ ನೋಡುತ್ತಿತ್ತು. ಅದರ ಕೈ ಮುಟ್ಟಿದರೆ ಮಂಜಿನಂತೆ ತಣ್ಣಗೆ. ಅಯ್ಯೋ, ನನ್ನ ಕೈಯಾರೆ ಏನು ಮಾಡಿಟ್ಟೆ ಅಂತ ಅವಳಿಗೆ ಅಳು ಬಂತು.

“ಕೇಳಿಸಲಿಲ್ಲ ಅಂತ ಹೇಳ್ರಿ ಅವಗ,” ಅಂದಳು.

“ನಮ್ಮಜ್ಜಿ ಸಾಯುವವರೆಗೂ ಅದನ್ನೇ ಹೇಳಿದಳು. ಅವನು ನಂಬಿಲ್ಲ.”

ಕೂಸಿನ ತುಟಿ ಕಪ್ಪಿಡತೊಡಗಿತು. ಊರ್ಮಿಳಾ ಅದನ್ನು ಎದೆಗೆ ಅವುಚಿಕೊಂಡು ಕುರ್ಚಿಯ ಎದುರು ನಿಂತಳು.

“ಕರೆದಾಕಿ ನಾನು, ನನ್ನ ಕೇಳು,” ಅಂದಳು. “ಆಕಿಗೆ ಕೇಳಿಸಿತ್ತು. ನಿನ್ನ ದನಿ ಅಂತ ಗುರುತೂ ಸಿಕ್ಕಿತ್ತು. ಆಕಿ ಜಾಗಾದಾಗ ನಾ ಇದ್ರೂ ಬಾಗಲಾ ತಗೀತಿದ್ದಿಲ್ಲೋ ಅಪ್ಪಾ. ಬಂದವರಿಗೆಲ್ಲ ಬಾ ಬಾ ಅನ್ನೋ ಈ ಊರ್ಮಿಳಾನೂ ತಗೀತಿದ್ದಿಲ್ಲ. ನೀ ಸಾಯೋದು ಕೇಳ್ಕೋತ ಕೂತಿರ್ತಿದ್ದೆ.”

ಹೇಳಿ ಮುಗಿದ ಮೇಲೆ ಅವಳಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೆ ಅದು ಸುಳ್ಳಾಗಿರಲಿಲ್ಲ.

ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಗಂಟಲು ಹರಿಯುವಂತೆ ಅಳತೊಡಗಿತು. ಲೋಲಾ ದಡಬಡಿಸಿ ಎದ್ದು ಅದರ ಬಾಯಿ ಮುಚ್ಚಲು ಅಂಗೈ ಚಾಚಿದಳು. ಊರ್ಮಿಳಾ ಆ ಸುಕ್ಕುಗಟ್ಟಿದ ಮಣಿಕಟ್ಟನ್ನು ಹಿಡಿದುಕೊಂಡಳು.

“ಅಳಲಿ ಬಿಡ್ರಿ. ಆವತ್ತ ಬಾಯಿ ಮುಚ್ಚಿದ್ರಿ. ಒಳಗ ಒಂದು ಕೂಸು ಇತ್ತು ಅಂತ ಅವಗ ಹ್ಯಾಂಗ ಗೊತ್ತಾಗಬೇಕು? ಯಾರ ಸಲುವಾಗಿ ಬಾಗಲಾ ತಗೀಲಿಲ್ಲ ಅನ್ನೋದು ಅವನೂ ಕೇಳಲಿ.”

ಲೋಲಾ ಕೈ ಹಿಂದಕ್ಕೆ ತೆಗೆದುಕೊಂಡಳು. ಕೂಸು ಕೆಂಪಗಾಗಿ, ಕೈಕಾಲು ಬಡಿದು ಅತ್ತಿತು. ಅದರ ಅಂಗೈಗೆ ಬಿಸುಪು ಬಂತು.

ಈಶಾ ನಿದ್ದೆಗಣ್ಣಲ್ಲಿ ಮಹಡಿ ಇಳಿದು ಬಂದು, ಮೆಟ್ಟಿಲ ಬುಡದಲ್ಲೇ ನಿಂತು ಕಿವಿಗೊಟ್ಟಳು.

“ಅಮ್ಮಾ,” ಅಂದಳು, “ಬೇಬಿ ಜೋಡಿ ಯಾವ ಗಂಡಸು ಕ್ರೈ ಮಾಡ್ಲಿಕತ್ತಾನ?”