ದೋಣಿ ಮಗುಚಿದ್ದಕ್ಕೆ ಕಾರಣ

ತಪ್ಪು ಮಾಡಿದವರು ಅದರ ಹೊರೆಯನ್ನು ಗಾಳಿಯ ಮೇಲೋ ಮಳೆಯ ಮೇಲೋ ಹೊರಿಸಿ ಕೈತೊಳೆದುಕೊಳ್ಳುವುದನ್ನು ಕಂಡರೆ ಹೆಡ್ ಮೇಡಂಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತಾರು ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೂ ಆ ಉರಿ ಆರಿರಲಿಲ್ಲ. ಬಸ್ಸು ತಡವಾದರೆ ಚಾಲಕನಿಗೆ, ಒಲೆಯ ಮೇಲಿನ ಹಾಲು ಉಕ್ಕಿದರೆ ಸ್ವಂತ ಮಗನಿಗೆ, "ಕಾರಣ ಹೇಳು, ನೆಪ ಹೇಳಬೇಡ" ಎಂಬ ಒಂದೇ ಪಾಠ. ಯಾಕೆಂದು ತಿಳಿಯದೆ ಹುಲ್ಲುಕಡ್ಡಿಯನ್ನೂ ಎತ್ತಿಡಬಾರದೆಂಬುದು ಅವರ ಎರಡನೆಯ ಸೂತ್ರ. ಆ ಭಾನುವಾರ ಬೆಳಿಗ್ಗೆ ಅವರನ್ನು ಸರೋವರಕ್ಕೆ ಕೆಡವಿದ್ದು ಈ ಎರಡನೆಯ ಸೂತ್ರವೇ.

ಅಂದು ಸೊಸೆಯ ಪರೀಕ್ಷೆ. ವಾರವಿಡೀ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳ ಮುಂದೆ ಕೂರುವ ಆಕೆಗೆ ರಜಾದಿನದಲ್ಲಿ ಹಾಯಿದೋಣಿಯೇ ಸರ್ವಸ್ವ. ತೇರ್ಗಡೆಯಾದರೆ ಅಲ್ಲಿನ ದೋಣಿಶಾಲೆಯಲ್ಲಿ ಆಕೆ ಪಾಠ ಹೇಳಬಹುದು. ಇಲ್ಲವಾದರೆ ಇನ್ನೊಂದು ವರ್ಷ ಕಾಯಬೇಕು. ಎಂದೂ ದೋಣಿ ಹತ್ತದ ಒಬ್ಬರನ್ನು ಕೂರಿಸಿಕೊಂಡು, ನೀರಿನ ಮೇಲೆ ಗುರುತಿಗೆಂದು ತೇಲಿಬಿಟ್ಟ ಮೂರು ಕಿತ್ತಳೆ ಬಣ್ಣದ ಗುಂಡುಗಳನ್ನು ಒಂದು ಗಂಟೆಯೊಳಗೆ ಸುತ್ತಿ ಬರಬೇಕೆಂಬುದು ನಿಯಮ. ಬರುತ್ತೇನೆಂದಿದ್ದ ಗೆಳತಿಗೆ ಅಂದೇ ಜ್ವರ ಬಂತು.

"ನಾನಿಲ್ವಾ?" ಎಂದರು ಹೆಡ್ ಮೇಡಂ. "ಅರವತ್ತನಾಲ್ಕು ವರ್ಷದಿಂದ ದೋಣಿ ಹತ್ತಿಲ್ಲ. ನನಗಿಂತ ಅರ್ಹರು ಯಾರಿದ್ದಾರೆ?"

"ಅತ್ತೆ, ಅಲ್ಲಿ ನಾನು ಹೇಳಿದ ಹಾಗೆ ಕೇಳ್ಬೇಕಾಗುತ್ತೆ."

"ಕೇಳ್ತೀನಮ್ಮ. ಕಿವಿ ಇನ್ನೂ ಚೆನ್ನಾಗಿದೆ."

ಸೊಸೆ ಅತ್ತೆಯ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದಳು. ಇನ್ನೇನೋ ಹೇಳಲು ಬಾಯಿ ತೆರೆದವಳು, ದೋಣಿಯ ಹಗ್ಗ ಬಿಚ್ಚಲು ಹೋದಳು.

ದೋಣಿ ಹೊರಟಿತು. ಹಾಯಿ ಗಾಳಿಯನ್ನು ಗಟಗಟ ಕುಡಿದು ತುಂಬುಬಸುರಿಯಂತೆ ಉಬ್ಬಿತು. ಮಗನ ಹಳೆಯ ಪ್ಯಾಂಟು ತೊಟ್ಟು, ಸೊಸೆಯ ಪಕ್ಕದಲ್ಲೇ ದೋಣಿಯ ಅಂಚಿನಲ್ಲಿ ಕೂತಿದ್ದ ಹೆಡ್ ಮೇಡಂಗೆ, ಇಷ್ಟು ವರ್ಷ ತಾನು ಬರೀ ನೆಲದ ಮೇಲೆ ಓಡಾಡಿದ್ದು ಎಂಥ ಅನ್ಯಾಯವೆನಿಸಿತು. ಮೊದಲ ಗುಂಡು ಹತ್ತಿರವಾಯಿತು.

"ತಿರುಗಿಸ್ತಿದೀನಿ! ತಲೆ ಬಗ್ಗಿಸಿ ಆಚೆ ಕಡೆ ಬನ್ನಿ!" ಎಂದು ಕೂಗಿ ಸೊಸೆ ತಾನು ಆಚೆ ಬದಿಗೆ ಹಾರಿದಳು.

ಹೆಡ್ ಮೇಡಂ ತಲೆಯನ್ನೇನೋ ಬಗ್ಗಿಸಿದರು. "ಯಾಕೆ? ಈ ಕಡೆ ಚೆನ್ನಾಗೇ ಇದೆಯಲ್ಲ!"

ಉತ್ತರ ಕೊಡುವಷ್ಟು ವ್ಯವಧಾನ ಗಾಳಿಗಿರಲಿಲ್ಲ. ಹಾಯಿ ಅವರ ಬದಿಗೇ ಬಂದು ವಾಲಿತು, ಅವರ ಭಾರವೂ ಅಲ್ಲೇ ಇತ್ತು. ಕಣ್ಣು ಮಿಟುಕಿಸುವುದರೊಳಗೆ ಅತ್ತೆ, ಸೊಸೆ, ಬಕೆಟ್ಟು ಎಲ್ಲವೂ ನೀರುಪಾಲು.

"ದೋಣಿ ಬಿಡ್ಬೇಡಿ ಅತ್ತೆ! ಗಟ್ಟಿಯಾಗಿ ಹಿಡ್ಕೊಳ್ಳಿ!"

ಈ ಸಲ ಅವರು ಯಾಕೆಂದು ಕೇಳಲಿಲ್ಲ. ಸೊಸೆ ಹಾಯಿಯ ಹಗ್ಗವನ್ನು ಸಡಿಲಿಸಿ, ಪಕ್ಕಕ್ಕೆ ಬಿದ್ದ ದೋಣಿಯ ತಳದಿಂದ ಚಾಚಿದ್ದ ಹಲಗೆಯನ್ನು ಏರಿ ಹಿಂದಕ್ಕೆ ಜಗ್ಗಿದಳು. ದೋಣಿ ಜಪ್ಪಯ್ಯ ಅನ್ನಲಿಲ್ಲ. "ನೀವೂ ಹತ್ತಿ!" ಎಂದಳು. ಹೆಡ್ ಮೇಡಂ ಏದುಸಿರು ಬಿಡುತ್ತ ಹತ್ತಿ ಸೊಸೆಯ ಸೊಂಟ ಹಿಡಿದು ಜೋತುಬಿದ್ದರು. ಹಾಯಿ ಸೊರ್ರೆಂದು ನೀರಿನಿಂದ ಎದ್ದು ನಿಂತಿತು. ಅದನ್ನು ಕಂಡದ್ದೇ ತಡ, ಯಾವ ತರಗತಿಯೂ ಎಂದೂ ಕೇಳದಿದ್ದ ಒಂದು ನಗು ಅವರ ಹೊಟ್ಟೆಯಿಂದ ಉಕ್ಕಿತು. ಇಬ್ಬರೂ ತೇಲುತ್ತಿದ್ದ ಬಕೆಟ್ಟು ಹಿಡಿದು ನೀರು ಎತ್ತಿ ಚೆಲ್ಲುತ್ತಲೇ ನಕ್ಕರು.

ಮೋಟಾರು ದೋಣಿಯಲ್ಲಿ ಹತ್ತಿರದಿಂದಲೇ ನೋಡುತ್ತಿದ್ದ ಪರೀಕ್ಷಕರು ಇಬ್ಬರನ್ನೂ ದಡದ ಕಟ್ಟೆಗೆ ಕರೆದರು.

"ಎತ್ತಿದ್ದು ಚೆನ್ನಾಗಿತ್ತು. ಮಗುಚಿದ ಮಾತ್ರಕ್ಕೆ ಫೇಲ್ ಅಲ್ಲ, ನಡೆಸೋರ ತಪ್ಪಿದ್ರೆ ಮಾತ್ರ," ಎಂದು ಅವರು ಪೆನ್ನು ತೆಗೆದರು. "ಕಾರಣ... ಗಾಳಿ ಅಂತ ಹಾಕ್ಲಾ? ಎಲ್ಲರೂ ಅದನ್ನೇ ಬರೆಸೋದು."

ಹೆಡ್ ಮೇಡಂ ಕೆಂಡವಾದರು. "ಗಾಳಿಯಾ? ಬೆಳಗಿಂದ ಒಂದೇ ಸಮನೆ ಬೀಸ್ತಿದೆ, ಪಾಪ, ಅದೇನ್ರೀ ಮಾಡಿತ್ತು ನಿಮಗೆ? ಅದು ಬಂದು ಸಹಿ ಹಾಕುತ್ತಾ? ಬರ್ಕೊಳ್ಳಿ: ಎದ್ದು ಬಾ ಅಂದಾಗ ಏಳದೆ ವಾದ ಹೂಡಿದ ನನ್ನದು ತಪ್ಪು!"

"ಸುಮ್ನಿರಿ ಅತ್ತೆ." ಸೊಸೆ ಮುಂದೆ ಬಂದಳು. "ತಪ್ಪು ನಂದು ಸರ್. ಹೊರಡೋ ಮೊದಲೇ ಯಾಕೆ ಜಾಗ ಬದಲಿಸ್ಬೇಕು ಅಂತ ಹೇಳಿಕೊಡ್ಬೇಕಿತ್ತು. ಹೇಳ್ಲಿಲ್ಲ. ಹೆಡ್ ಮೇಡಂಗೆ ಪಾಠ ಹೇಳೋಕೆ ಧೈರ್ಯ ಬರ್ಲಿಲ್ಲ."

ಹೆಡ್ ಮೇಡಂ ಸೊಸೆಯತ್ತ ತಿರುಗಿದರು. ಪ್ರಶ್ನೆ ಕೇಳುವುದನ್ನು ಊರಿಗೆಲ್ಲ ಕಲಿಸಿದ ತಾನು, ತನಗೊಂದು ಮಾತು ಹೇಳಿಕೊಡುವ ಧೈರ್ಯವನ್ನು ಮನೆಯ ಹುಡುಗಿಗೆ ಉಳಿಸಿರಲಿಲ್ಲ. ಅದು ಬೋಧನೆಯಲ್ಲ, ಬೆದರಿಕೆ. ಆದರೂ ವರ್ಷದ ಶ್ರಮ ಮಣ್ಣುಪಾಲಾಗುವುದೆಂದು ಗೊತ್ತಿದ್ದೂ ಸತ್ಯ ನುಡಿದ ಆ ಒದ್ದೆ ಮುಖವನ್ನು ನೋಡಿ ಅವರ ಎದೆ ಉಬ್ಬಿತು.

ಪರೀಕ್ಷಕರು ಗಡಿಯಾರ ನೋಡಿದರು. "ಗಂಟೆ ಮುಗಿಯೋಕೆ ಇನ್ನೂ ಇಪ್ಪತ್ತೈದು ನಿಮಿಷ ಇದೆ. ಕಲಿಸೋಕೆ ತಾನೇ ಅರ್ಜಿ ಹಾಕಿದ್ದು? ಕಲಿಸಿ, ನೋಡ್ತೀನಿ."

ಸೊಸೆ ಒದ್ದೆ ಬೆರಳಿನಿಂದ ಕಟ್ಟೆಯ ಮೇಲೆ ದೋಣಿ ಬರೆದಳು. "ಗಾಳಿ ಇಲ್ಲಿಂದ. ತಿರುಗಿದ ಮೇಲೆ ಹಾಯಿ ನಾವು ಕೂತಿದ್ದ ಕಡೆಗೇ ಬರುತ್ತೆ. ನೀವು ಏಳದಿದ್ರೆ?"

"ಮಗುಚುತ್ತೆ."

"ಪೂರ್ತಿ ವಾಕ್ಯದಲ್ಲಿ ಹೇಳಿ."

ಪರೀಕ್ಷಕರು ಕೆಮ್ಮಿ ನಗು ನುಂಗಿದರು. ಹೆಡ್ ಮೇಡಂ ನೆಟ್ಟಗೆ ನಿಂತು, "ನಾನು ಏಳದೆ ಅಲ್ಲೇ ಕೂತರೆ ದೋಣಿ ಮಗುಚುತ್ತದೆ," ಎಂದರು.

"ಸರಿ. ಯಾಕೆ ಅನ್ನೋದೆಲ್ಲ ಇಲ್ಲೇ ಕೇಳಿ ಮುಗಿಸಿ. ನೀರಲ್ಲಿ ಕೇಳೋ ಹಾಗಿಲ್ಲ."

ಹೆಡ್ ಮೇಡಂ ಏಳು ಪ್ರಶ್ನೆ ಕೇಳಿದರು. ಏಳಕ್ಕೂ ಉತ್ತರ ಸಿಕ್ಕಿತು. ಐದನೆಯದಕ್ಕೆ ಸ್ವಲ್ಪ ಗದರಿಕೆಯೂ.

ದೋಣಿ ಮತ್ತೆ ಹೊರಟಿತು. ಮೊದಲ ಗುಂಡಿನ ಬಳಿ ಹೆಡ್ ಮೇಡಂ ಮೊಣಕಾಲು ತರಚಿಕೊಂಡೂ ಸರಿಯಾದ ಗಳಿಗೆಗೆ ಆಚೆ ದಾಟಿದರು. ಎರಡನೆಯದರಲ್ಲಿ ಬೆಕ್ಕಿನಂತೆ ದಾಟಿದರು. ಮೂರನೆಯದನ್ನು ಸುತ್ತಿ ಬರುತ್ತಿರುವಾಗ ಪರೀಕ್ಷಕರು ತಮ್ಮ ದೋಣಿಯಲ್ಲಿ ಎದ್ದು ನಿಂತು, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಪಾಸ್!"

ಸೊಸೆ ಚುಕ್ಕಾಣಿಯ ಮೇಲೆ ಕೈಯಿದ್ದುದನ್ನೂ ಮರೆತು ಅಳುತ್ತ ನಗತೊಡಗಿದಳು.

"ಮುಂದೆ ನೋಡಿ ಟೀಚರ್!" ಎಂದು ಕಿರುಚಿದರು ಹೆಡ್ ಮೇಡಂ. "ದಡ ಬಂತು!"